ಸಹಾಯ ಬೇಕು: ಅನಸ್ತೇಶಿಯಾ ಮೆಷಿನ್ ಪೈಪ್‌ನಲ್ಲಿ ನೀರು ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಓಟಿ ಟೆಕ್ನಿಷಿಯನ್.

ಮೂರು ವಾರದಿಂದ ಒಂದೇ ಗೋಳು. ಬೆಳಿಗ್ಗೆ ಮೊದಲ ಕೇಸ್‌ಗೆ ಮೆಷಿನ್ ಚೆನ್ನಾಗಿಯೇ ಇರುತ್ತದೆ. ಮೂರನೇ ಕೇಸ್ ಹೊತ್ತಿಗೆ ರೋಗಿ ಉಸಿರಾಡುವ ಪೈಪ್‌ನಲ್ಲಿ ನೀರು ಗುಳುಗುಳು ಅನ್ನುತ್ತದೆ. ಗ್ಯಾಸ್ ಹರಿವು ಅಳೆಯುವ ಫ್ಲೋ ಸೆನ್ಸರ್ ಒದ್ದೆಯಾಗಿ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿಯ ಪ್ರಮಾಣ) ತಪ್ಪು ತೋರಿಸುತ್ತದೆ. ಮೊನ್ನೆ ಎಕ್ಸ್‌ಪಿರೇಟರಿ ವಾಲ್ವ್‌ನ (ಬಿಟ್ಟ ಉಸಿರು ವಾಪಸ್ ಬರದಂತೆ ತಡೆಯುವ ವಾಲ್ವ್) ಡಿಸ್ಕ್ ಪೂರ್ತಿ ಮುಚ್ಚದೆ ಅಂಟಿಕೊಂಡಿತ್ತು. ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ಗೆರೆ ಸೊನ್ನೆಗೆ ಇಳಿಯುತ್ತಿಲ್ಲ, ಅಂದರೆ ಬಿಟ್ಟ ಉಸಿರೇ ರೋಗಿಗೆ ವಾಪಸ್ ಹೋಗುತ್ತಿದೆ ಅಂತ ಅನಸ್ತೇಶಿಯಾ ಡಾಕ್ಟರ್ ಮೇಡಂ ತಕ್ಷಣ ಗಮನಿಸಿದರು. ರೋಗಿಗೆ ಏನೂ ಆಗಲಿಲ್ಲ, ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಗೊತ್ತು. ಮೆಷಿನ್‌ನಲ್ಲಿರುವ ಸೋಡಾ ಲೈಮ್ ಹರಳುಗಳು ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವಾಗ ಬಿಸಿಯೂ ನೀರೂ ಹುಟ್ಟುತ್ತವೆ. ಉಸಿರಿನ ಆವಿ ಬೇರೆ. ಎಸಿಗೆ ಪೈಪ್ ತಣ್ಣಗಿರುತ್ತದೆ, ಆವಿ ಅಲ್ಲೇ ಹನಿಯಾಗುತ್ತದೆ. ಈಗ ನಮ್ಮಲ್ಲಿ ಹೊಸದಾಗಿ ಬಿಡುವ ಗ್ಯಾಸ್‌ನ ಫ್ಲೋ ನಿಮಿಷಕ್ಕೆ 1 ಲೀಟರ್‌ಗಿಂತ ಕಡಿಮೆ ಇಡುತ್ತಾರೆ. ಒಣ ಗ್ಯಾಸ್ ಕಡಿಮೆ ಆದಷ್ಟೂ ತೇವ ಜಾಸ್ತಿ, ಅಲ್ವಾ?

ಎರಡು ಪೈಪ್ ಸೇರುವ ವೈ ಪೀಸ್ ಹತ್ತಿರ, ಉಸಿರಿನ ತೇವ ಹಿಡಿದಿಡುವ ಎಚ್‌ಎಂಇ ಫಿಲ್ಟರ್ ಹಾಕುತ್ತಿದ್ದೇವೆ. ಪ್ರತಿ ಕೇಸ್ ಆದಮೇಲೆ ನೀರು ಸೇರುವ ವಾಟರ್ ಟ್ರ್ಯಾಪ್ ಖಾಲಿ ಮಾಡುತ್ತೇನೆ. ರಾತ್ರಿಯಿಡೀ ಆಕ್ಸಿಜನ್ ಬಿಟ್ಟು ಒಣಗಿಸು ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಸೋಡಾ ಲೈಮ್ ಪೂರ್ತಿ ಒಣಗಿದರೆ ಅರಿವಳಿಕೆ ಗ್ಯಾಸ್ ಡೆಸ್‌ಫ್ಲುರೇನ್ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಅದು ಇನ್ನೂ ಅಪಾಯ.

ಅನುಭವ ಇರುವವರು ದಯವಿಟ್ಟು ಹೇಳಿ. ಫ್ಲೋ ಸೆನ್ಸರ್ ಎರಡು ಸೆಟ್ ಇಟ್ಟುಕೊಂಡು ಬದಲಿಸುತ್ತೀರಾ? ಪೈಪ್ ಮಧ್ಯೆ ಇನ್ನೊಂದು ಟ್ರ್ಯಾಪ್ ಹಾಕಿದರೆ ಲೀಕ್ ಆಗುತ್ತದಾ? ಚಿತ್ರದುರ್ಗ ಕಡೆ ಬಿಸಿ ಮಾಡುವ ಬ್ರೀದಿಂಗ್ ಸಿಸ್ಟಮ್ ಇರುವ ಮೆಷಿನ್ ಬಳಸುವವರಿದ್ದರೆ, ಒಮ್ಮೆ ಬಂದು ನೋಡಬಹುದಾ?