ಪದಚರ್ಚೆ: ಅಭ್ಯರ್ಥಿಗಳಿಗೆ ಪ್ರಶ್ನೆ ಕೇಳುವ ಆ ಕಲಾಪಕ್ಕೆ ಏನನ್ನೋಣ? (ತುರ್ತು)

ಗೀ.:
ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಇವತ್ತು ಸಂಜೆಯೊಳಗೆ.

ವಿಶ್ವಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರನ್ನು ಹೇಗೆ ಆರಿಸುತ್ತಾರೆ ಅನ್ನುವ ಸಣ್ಣ ವಿಡಿಯೋಗೆ ಕನ್ನಡ ಸಬ್‌ಟೈಟಲ್ ಮಾಡುತ್ತಿದ್ದೇನೆ. ಮತದಾನಕ್ಕೆ ಮೊದಲು ಅಭ್ಯರ್ಥಿಗಳನ್ನು ಸದಸ್ಯ ದೇಶಗಳ ಮುಂದೆ ಕೂರಿಸಿ ಪ್ರಶ್ನೆ ಕೇಳುತ್ತಾರಲ್ಲ, ಅದಕ್ಕೆ ಅವರು ಇಟ್ಟಿರುವ ಹೆಸರು 'ಇನ್‌ಫಾರ್ಮಲ್ ಇಂಟರಾಕ್ಟಿವ್ ಡೈಲಾಗ್'. ನನ್ನ ಕೈಗೆ ಬಂದ ಕರಡಿನಲ್ಲಿ 'ಅನೌಪಚಾರಿಕ ಪರಸ್ಪರ ಕ್ರಿಯಾತ್ಮಕ ಸಂವಾದ' ಅಂತಿದೆ. ಇದನ್ನು ಓದಿ ಮುಗಿಸುವಷ್ಟರಲ್ಲಿ ದೃಶ್ಯವೇ ಬದಲಾಗಿರುತ್ತದೆ. ಸಂದರ್ಶನ, ಸಂವಾದ, ವಿಚಾರಣೆ ಮೂರನ್ನೂ ಇಟ್ಟು ನೋಡಿದೆ, ಯಾವುದೂ ಸರಿ ಕೂರಲಿಲ್ಲ. ಒಂದೇ ಪದ ಸಿಕ್ಕರೆ ಒಳ್ಳೆಯದು. ಎರಡಾದರೂ ಪರವಾಗಿಲ್ಲ.

ವೆಂ.ರಾ.:
ಸಂದರ್ಶನ. ಇದರಲ್ಲಿ ಚರ್ಚೆಗೆ ಏನಿದೆ?

ಚಂ.:
ಇದೆ ಸರ್. ಸಂದರ್ಶನ ಅಂದ ಕೂಡಲೇ ಓದುವವರಿಗೆ ಹೊಳೆಯುವುದು ಎರಡೇ. ಒಂದು ಕೆಲಸಕ್ಕೆ ಅರ್ಜಿ ಹಾಕಿದವರದ್ದು, ಇನ್ನೊಂದು ಪತ್ರಿಕೆಯವರದ್ದು. ಇಲ್ಲಿ 193 ದೇಶಗಳು ಎದುರಿಗಿವೆ. ನನ್ನ ಮತ 'ಪಾಟೀಸವಾಲು'. ಎಷ್ಟು ಖಾರವಾಗಿದೆ ನೋಡಿ! ಸವಾಲು ಅಂದರೆ ಅರಬ್ಬಿಯಲ್ಲಿ ಪ್ರಶ್ನೆಯೇ. ನಮ್ಮಲ್ಲಿ ಅದು ಪಂಥಾಹ್ವಾನ ಆಯಿತು, ಹರಾಜಿನ ಕೂಗೂ ಆಯಿತು. ಹಳೆಯ ಅರ್ಥ ಉಳಿದಿರುವುದು ಪಾಟೀಸವಾಲಿನಲ್ಲಿ, ಸವಾಲು-ಜವಾಬಿನಲ್ಲಿ ಮಾತ್ರ. ಅದನ್ನು ಮತ್ತೆ ಬಳಕೆಗೆ ತರಲು ಇದು ಒಳ್ಳೆಯ ಅವಕಾಶ.

ಲ.ನಾ.:
ಬೇಡ. ಕೋರ್ಟಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ. ಒಂದು ಕಡೆಯ ಸಾಕ್ಷಿ ಹೇಳಿಕೆ ಕೊಟ್ಟ ಮೇಲೆ ಎದುರು ಕಡೆಯ ವಕೀಲ ಅದನ್ನು ಕೆಡವಲು ಕೇಳುವುದು ಪಾಟೀಸವಾಲು. ಮಹಾಸಭೆಯಲ್ಲಿ ಎದುರು ಕಡೆ ಯಾವುದು? ವಿಚಾರಣೆಯೂ ಬೇಡ. ಅಭ್ಯರ್ಥಿ ಕಟಕಟೆಯಲ್ಲಿ ನಿಂತ ಹಾಗೆ ಕೇಳಿಸುತ್ತದೆ.

ತಿ.:
ಎಲ್ಲರೂ ಸಂಸ್ಕ್ರುತ ಇಲ್ಲವೇ ಅರಬ್ಬಿ ಹಿಡಿದು ಎಳೆದಾಡುತ್ತಿದ್ದೀರಿ. ಕನ್ನಡದ ಮನೆಯೊಳಗೇ ಇದೆ ಪದ. 'ಕೇಳು' ಅನ್ನುವ ಒಂದೇ ಎಸಕಪದಕ್ಕೆ ಎರಡು ಹುರುಳು. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಬೇರೆ ನುಡಿಯವರು ಎರಡು ಪದ ಇಟ್ಟುಕೊಂಡು ಒದ್ದಾಡುವ ಕಡೆ ನಮಗೆ ಒಂದೇ ಸಾಕು. ಅಭ್ಯರ್ಥಿಗೆ ಹುರಿಯಾಳು ಅನ್ನೋಣ, ಇದಕ್ಕೆ 'ಹುರಿಯಾಳುಗಳ ಕೇಳಿಕೆ' ಅನ್ನಿ. ಗೆದ್ದ ಮೇಲೆ ಅವರ ಜವಾಬ್ದಾರಿ ಏನು ಅಂತ ದೇಶಗಳು ಕೇಳುತ್ತವೆ, ಅವರು ಹೇಳಿದ್ದನ್ನೂ ಕೇಳುತ್ತವೆ. ಮುಗಿಯಿತು.

ಚಂ.:
ನೀವು ಈಗ ಅಂದ 'ಜವಾಬ್ದಾರಿ'ಯಲ್ಲಿ ಜವಾಬು ಅರಬ್ಬಿ, 'ದಾರ' ಪಾರಸಿ. ಸುಮ್ನೆ ಹೇಳಿದೆ.

ತಿ.:
ಬಾಯಲ್ಲಿ ಬೆಳೆದ ಪದ ಬೇರೆ, ಹೊಸದಾಗಿ ಕಟ್ಟುವ ಪದ ಬೇರೆ. ಅಶ್ಟೂ ತಿಳಿಯದಿದ್ದರೆ ಮಾತಿಲ್ಲ.

ವೆಂ.ರಾ.:
ಹುರಿಯಾಳು ಅಂದರೆ ಹಳಗನ್ನಡದಲ್ಲಿ ಕಾದಾಡುವ ವೀರ. ಕತ್ತಿ ಹಿಡಿದವನು. ರಾಯಭಾರಿಗಳಿಗೆ ಅದನ್ನು ಅಂಟಿಸುತ್ತೀರಾ? 'ಕೇಳಿಕೆ' ಅಂದರೆ ಇನ್ನೂ ಕಷ್ಟ. ಹಲವು ಕಡೆ ಅದು ಬಯಲಾಟದ ಹೆಸರು. ಬಣ್ಣ ಹಚ್ಚಿಕೊಂಡು ಬರುತ್ತಾರೆ ಅಂದುಕೊಂಡಾರು!

ಸ.:
ಗೀ. ಅವರೇ, ಅಲ್ಲಿ ನಿಜವಾಗಿ ಆಗುವುದೇನು ಅಂತ ನೋಡಿದರೆ ಪದ ತಾನಾಗಿಯೇ ಸಿಗುತ್ತದೆ. ಇಷ್ಟು ಹೊತ್ತು ಯಾರೂ ಅದನ್ನು ನೋಡಲಿಲ್ಲ.

ಅಭ್ಯರ್ಥಿ ತಾನು ಏನು ಮಾಡಬೇಕೆಂದಿದ್ದೇನೆ ಅಂತ ಮೊದಲೇ ಬರೆದು ಕೊಟ್ಟಿರುತ್ತಾರೆ. ಸಭೆಯಲ್ಲಿ ಚುಟುಕಾಗಿ ಮಾತಾಡುತ್ತಾರೆ. ಆಮೇಲೆ ದೇಶಗಳ ಪ್ರತಿನಿಧಿಗಳು ಒಬ್ಬೊಬ್ಬರಾಗಿ ಕೇಳುತ್ತಾರೆ. ನಾಗರಿಕ ಸಂಘಟನೆಗಳ ಪ್ರಶ್ನೆಗೂ ಜಾಗ ಇರುತ್ತದೆ. ಅಲ್ಲಿ ಯಾರೂ ಮತ ಹಾಕುವುದಿಲ್ಲ, ಅಂಕ ಕೊಡುವುದಿಲ್ಲ, ವರದಿ ಬರೆದು ಪಾಸು-ಫೇಲು ಅನ್ನುವುದೂ ಇಲ್ಲ. ಮತದಾನ ಇನ್ನೊಂದು ದಿನ. 2025ರಲ್ಲಿ ಜರ್ಮನಿಯ ಅನ್ನಲೇನಾ ಬೇರ್‌ಬಾಕ್ ಮೇ ತಿಂಗಳಲ್ಲಿ ಪ್ರಶ್ನೆಗಳನ್ನು ಎದುರಿಸಿದರು. ಜೂನ್ 2ರಂದು ಗುಪ್ತ ಮತದಾನ ನಡೆದು 167 ಮತ ಪಡೆದರು.

'ಸಂದರ್ಶನ' ಸೋಲುವುದು ಇಲ್ಲೇ. ಈ ಪದ ಹತ್ತು ಜನರಲ್ಲಿ ಒಬ್ಬರನ್ನು ಆರಿಸುವ ಚಿತ್ರ ಕೊಡುತ್ತದೆ. ಮಹಾಸಭೆಯ ಅಧ್ಯಕ್ಷ ಸ್ಥಾನ ಐದು ಪ್ರಾದೇಶಿಕ ಗುಂಪುಗಳ ನಡುವೆ ವರ್ಷಕ್ಕೊಂದರಂತೆ ಸುತ್ತುತ್ತದೆ. ಸರದಿ ಬಂದ ಗುಂಪು ಎಷ್ಟೋ ಸಲ ಒಬ್ಬರನ್ನೇ ಮುಂದಿಡುತ್ತದೆ. ಸ್ಪರ್ಧೆ ನಡೆಯುವುದೂ ಉಂಟು. 2021ರಲ್ಲಿ ಮಾಲ್ಡೀವ್ಸ್‌ನ ಅಬ್ದುಲ್ಲಾ ಶಾಹಿದ್ 143 ಮತ ಪಡೆದು ಅಫ್ಘಾನಿಸ್ತಾನದ ಝಲ್ಮಯ್ ರಸೂಲ್ (48) ಅವರನ್ನು ಸೋಲಿಸಿದರು. ಆದರೆ ಒಬ್ಬರೇ ಇದ್ದರೂ ಪ್ರಶ್ನೆ ಕೇಳುವುದು ತಪ್ಪುವುದಿಲ್ಲ. ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತಿರುವವರನ್ನೇ ಕೂರಿಸಿ ಕೇಳುವುದು ಸಂದರ್ಶನ ಹೇಗಾದೀತು? ಈಗ ಆಡಿದ ಮಾತಿಗೆ ಮುಂದೆ ಅವರನ್ನು ಕಟ್ಟಿಹಾಕುವುದು ಅಷ್ಟೇ ಈ ಪ್ರಶ್ನೆಗಳ ಉದ್ದೇಶ.

'ವಿಚಾರಣೆ' ಬಗ್ಗೆ ಲ.ನಾ. ಅವರ ಮಾತು ಸರಿ, ಆದರೆ ಕಾರಣ ಅರ್ಧ. ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಕಮಿಷನರ್ (ಯುರೋಪಿಯನ್ ಒಕ್ಕೂಟದಲ್ಲಿ ಮಂತ್ರಿಯಂಥ ಹುದ್ದೆ) ಆಗಲಿರುವವರನ್ನು ಸಮಿತಿಗಳು ಕೂರಿಸಿ ಕೇಳುತ್ತವಲ್ಲ, ಅದಕ್ಕೆ ಅವರು 'ಹಿಯರಿಂಗ್' ಅಂತಲೇ ಅನ್ನುತ್ತಾರೆ. ಅಲ್ಲಿ ಸಮಿತಿಗಳು ಅಭಿಪ್ರಾಯ ಬರೆಯುತ್ತವೆ, ಅದಕ್ಕೆ ಬೆಲೆ ಇದೆ. 2004ರಲ್ಲಿ ಇಟಲಿಯ ರೊಕ್ಕೊ ಬುತ್ತಿಲ್ಯೋನೆ ಹೀಗೆ ಪ್ರಶ್ನೆ ಎದುರಿಸಿದ ಮೇಲೆಯೇ ಹಿಂದೆ ಸರಿಯಬೇಕಾಯಿತು. ಅಂಥದ್ದಕ್ಕೆ ವಿಚಾರಣೆ ಒಪ್ಪುತ್ತದೆ. 'ಆಲಿಕೆ' ಇನ್ನೂ ಚೆನ್ನ. ಸರ್ಕಾರದ 'ಸಾರ್ವಜನಿಕ ಆಲಿಕೆ ಸಭೆ'ಯಿಂದಾಗಿ ಜನರಿಗೂ ಗೊತ್ತಿದೆ. ಆದರೆ ಮಹಾಸಭೆಯವರ ಕೈಯಲ್ಲಿ ಆ ದಿನ ಅಂಥ ಅಧಿಕಾರ ಇಲ್ಲ.

ಹಾಗಿದ್ದರೆ 'ಡೈಲಾಗ್' ಯಾಕೆ? ನನಗನ್ನಿಸುವುದು, ಅದು ರಾಜತಾಂತ್ರಿಕರ ಸಂಕೋಚ. ಎದುರಿಗೆ ಕೂತವರು ಇನ್ನೊಂದು ದೇಶದ ಮಾಜಿ ಮಂತ್ರಿಯೋ ರಾಯಭಾರಿಯೋ ಆಗಿರುತ್ತಾರೆ. 'ನಿಮ್ಮನ್ನು ಪರೀಕ್ಷೆ ಮಾಡುತ್ತೇವೆ' ಅನ್ನಲು ಬಾಯಿ ಬರುವುದಿಲ್ಲ. ಸಂವಾದ ಅಂದುಬಿಟ್ಟರೆ ಎಲ್ಲರ ಮರ್ಯಾದೆಯೂ ಉಳಿಯುತ್ತದೆ. ಆದರೆ ಸಂವಾದದಲ್ಲಿ ಎರಡೂ ಕಡೆಯವರು ಕೇಳಬಹುದು, ಎರಡೂ ಕಡೆಯವರು ಹೇಳಬಹುದು. ಇಲ್ಲಿ ಒಂದು ಕಡೆಯವರು ಕೇಳುತ್ತಾರೆ, ಇನ್ನೊಂದು ಕಡೆಯವರು ಹೇಳುತ್ತಾರೆ. ಅವರ ಸಂಕೋಚವನ್ನು ನಾವು ಯಾಕೆ ಹೊರಬೇಕು?

'ಅಭ್ಯರ್ಥಿಗಳ ಜೊತೆ ಪ್ರಶ್ನೋತ್ತರ' ಅಂತ ಹಾಕಿ. ಚಿಕ್ಕದು ಬೇಕಾದರೆ 'ಅಭ್ಯರ್ಥಿ ಪ್ರಶ್ನೋತ್ತರ'. ಅನೌಪಚಾರಿಕ ಅನ್ನುವುದನ್ನು ಬಿಟ್ಟುಬಿಡಿ. ಅಲ್ಲಿ ನಿರ್ಣಯ ಆಗುವುದಿಲ್ಲ ಅಂತ ಹೇಳಲು ಅದನ್ನು ಸೇರಿಸಿದ್ದಾರೆ, ಮಾತು ಸಲೀಸಾಗಿದೆ ಅಂತಲ್ಲ.

ವೆಂ.ರಾ.:
ಉದ್ದ ಆಯಿತು. ಆದರೆ ಸಂಸ್ಕೃತದ 'ಸಂವಾದ'ಕ್ಕೆ 'ಹೊಂದಿಕೆ', 'ಒಪ್ಪಿಗೆ' ಅನ್ನುವ ಅರ್ಥವೂ ಇದೆ. ವಿಸಂವಾದ ಅಂದರೆ ಹೊಂದದಿರುವುದು. ದೇಶಗಳನ್ನು ಒಪ್ಪಿಗೆಗೆ ತರುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪದ ಉಂಟೇ? ಧಾತು ನೋಡದೆ ಪದ ಬಿಸಾಡಬೇಡಿ.

ಸ.:
ಸರ್, ಸಬ್‌ಟೈಟಲ್ ಓದುವವರ ಕೈಯಲ್ಲಿ ಧಾತುಪಾಠ ಇರುವುದಿಲ್ಲ.

ತಿ.:
'ಪ್ರಶ್ನೋತ್ತರ'ದಲ್ಲಿ ಕನ್ನಡ ಎಶ್ಟಿದೆ? ಸೊನ್ನೆ. ಹೀಗೆ ಒಂದೊಂದೇ ಒಪ್ಪುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದು 'ಅಂತೆ', 'ಇದೆ', 'ಆಯಿತು' ಅಶ್ಟೇ.

ಚಂ.:
'ಸೊನ್ನೆ' ಶೂನ್ಯದಿಂದ ಬಂದದ್ದು ಅಂತಾರೆ ಮಾರಾಯ್ರೇ. ಅದನ್ನು ಹೊರಗೆ ಹಾಕಿದರೆ ಲೆಕ್ಕ ಮಾಡುವುದೂ ಕಷ್ಟ! ನೋಡಿ, ಪತ್ರಿಕೆಗಳು ದಿನಾ 'ಉಮೇದುವಾರಿಕೆ ಸಲ್ಲಿಸಿದರು' ಅಂತ ಬರೆಯುತ್ತವೆ. ಉಮೇದು ಪಾರಸಿಯಲ್ಲಿ ಆಸೆ. ನಮ್ಮಲ್ಲಿ ಅದು ಹುರುಪು ಆಯಿತು. ಅಂದರೆ ಆಸೆ ಇಟ್ಟುಕೊಂಡು ಹುರುಪಿನಿಂದ ನಿಂತವನು ಉಮೇದುವಾರ. 'ಬೇಡಿಕೊಳ್ಳುವವನು' ಅನ್ನುವ ಅಭ್ಯರ್ಥಿಗಿಂತ ಇದು ವಾಸಿ. ಎರಡೂ ಹೊರಗಿನವೇ, ಎರಡೂ ನಮ್ಮವೇ.

ಲ.ನಾ.:
ಸಾಲದ ಪದದ ಜಗಳ ಪ್ರತಿ ಸಲ ಬರುತ್ತದೆ, ಪ್ರತಿ ಸಲ ಇಲ್ಲೇ ನಿಲ್ಲುತ್ತದೆ. ಗೀ. ಅವರಿಗೆ ಸಂಜೆಯೊಳಗೆ ಬೇಕು, ಅಲ್ವಾ?

ಗೀ.:
ಹೌದು. 'ಅಭ್ಯರ್ಥಿ ಪ್ರಶ್ನೋತ್ತರ' ಸರಿಯಾಗಿ ಕೂರುತ್ತದೆ, ಹಾಕಿಬಿಟ್ಟೆ. ತಿ. ಅವರ 'ಕೇಳು' ಬಗ್ಗೆ ಹೇಳಿದ್ದು ಚೆನ್ನಾಗಿದೆ. ಒಂದು ಕಡೆ 'ದೇಶಗಳು ಕೇಳಿದ್ದು' ಅಂತ ಉಪಶೀರ್ಷಿಕೆಗೆ ಇಟ್ಟುಕೊಂಡಿದ್ದೇನೆ.

ಇನ್ನೊಂದು. 2016ರ ಏಪ್ರಿಲ್‌ನಲ್ಲಿ ಪ್ರಧಾನ ಕಾರ್ಯದರ್ಶಿ ಹುದ್ದೆಯ ಅಭ್ಯರ್ಥಿಗಳನ್ನೂ ಹೀಗೇ ಕೇಳಿದ ದೃಶ್ಯ ವಿಡಿಯೋದಲ್ಲಿದೆ. ಒಬ್ಬೊಬ್ಬರಿಗೆ ಎರಡು ಗಂಟೆ. ಅಲ್ಲೂ ಇದೇ ಪದ ನಡೆಯುತ್ತದಾ? ಕರಡಿನಲ್ಲಿ ಇಬ್ಬರನ್ನೂ 'ವಿಶ್ವಸಂಸ್ಥೆ ಅಧ್ಯಕ್ಷ' ಅಂದಿದ್ದಾರೆ.

ಸ.:
ನಡೆಯುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಮಹಾಸಭೆ ಒಪ್ಪಿದ 69/321ನೇ ನಿರ್ಣಯದಿಂದ ಅದು ಶುರುವಾಯಿತು. ಅದಕ್ಕೆ ಮುಂಚೆ ಆ ಹುದ್ದೆಯ ಮಾತುಕತೆಯೆಲ್ಲ ಭದ್ರತಾ ಮಂಡಳಿಯ ಮುಚ್ಚಿದ ಬಾಗಿಲ ಹಿಂದೆ. ಈಗಲೂ ಹೆಸರು ಶಿಫಾರಸು ಮಾಡುವುದು ಮಂಡಳಿಯೇ. 'ವಿಶ್ವಸಂಸ್ಥೆ ಅಧ್ಯಕ್ಷ' ಅಂತ ಹುದ್ದೆಯೇ ಇಲ್ಲ, ಅದನ್ನು ಮೊದಲು ತೆಗೆಯಿರಿ. ಒಬ್ಬರು ಮಹಾಸಭೆಯ ಅಧ್ಯಕ್ಷರು, ಒಂದು ವರ್ಷಕ್ಕೆ. ಇನ್ನೊಬ್ಬರು ಪ್ರಧಾನ ಕಾರ್ಯದರ್ಶಿ, ಐದು ವರ್ಷಕ್ಕೆ.

ವೆಂ.ರಾ.:
ಅಧ್ಯಕ್ಷ ಅಲ್ಲ, ಸಭಾಪತಿ. ಸಭೆ ನಡೆಸುವವರಿಗೆ ಕನ್ನಡದಲ್ಲಿ ಆ ಪದ ಇದೆ. ಸಂಸ್ಥೆ ನಡೆಸುವವರಿಗೆ ಅಧ್ಯಕ್ಷ.

ಗೀ.:
ಸರ್, ವಿಡಿಯೋ ಶುರುವಾಗುವುದೇ 1953ರ ವಿಜಯಲಕ್ಷ್ಮಿ ಪಂಡಿತ್ ಚಿತ್ರದಿಂದ, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅಂತ. ಮುಗಿಯುವುದು ಬೇರ್‌ಬಾಕ್ ಅವರಿಂದ. ಇಬ್ಬರನ್ನೂ 'ಪತಿ' ಮಾಡಲಾ?

ವೆಂ.ರಾ.:
ಪತಿ ಅಂದರೆ ಒಡೆಯ, ಗಂಡ ಮಾತ್ರ ಅಲ್ಲ. ರಾಷ್ಟ್ರಪತಿ ಅನ್ನುವಾಗ ಯಾರೂ ತಕರಾರು ಮಾಡಲಿಲ್ಲ.

ಚಂ.:
ಮಾಡಿದರು ಸರ್. ನೀವು ಕೇಳಿಸಿಕೊಳ್ಳಲಿಲ್ಲ.

ತಿ.:
ಮೇಲಾಳು.

ಗೀ.:
'ಅಧ್ಯಕ್ಷೆ' ಹಾಕಿ ಕಳಿಸಿದೆ. ಅಭ್ಯರ್ಥಿಗಳು ಮೊದಲೇ ಬರೆದು ಕೊಡುವ 'ವಿಷನ್ ಸ್ಟೇಟ್‌ಮೆಂಟ್'ಗೆ ಪದ ಇನ್ನೂ ಬಾಕಿ ಇದೆ. ಸದ್ಯಕ್ಕೆ 'ಮುನ್ನೋಟ ಪತ್ರ' ಅಂತಿದೆ. ಬೇಡ ಅನ್ನುವವರು ಒಂಬತ್ತು ಗಂಟೆಯೊಳಗೆ ಹೇಳಿ. ಧಾತು ಬೇಡ, ಪದ ಮಾತ್ರ.