ಪದಚರ್ಚೆ: ಕೀನ್ಯಾದ ‘ಮದರಾಕ’ಕ್ಕೆ ‘ಜವಾಬ್ದಾರಿ ಸರ್ಕಾರ’ ಒಗ್ಗುವುದೇ?

ಆತ್ಮೀಯರೇ,

ಕೀನ್ಯಾದ ಸ್ವಾತಂತ್ರ್ಯ ಹೋರಾಟದ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಮೂರು ಸ್ವಾಹಿಲಿ ಪದಗಳು ಬೆನ್ನು ಬೆನ್ನಿಗೆ ಬರುತ್ತವೆ: ಮದರಾಕ, ಉಹುರು, ಜಮ್ಹೂರಿ. ಮೂರನ್ನೂ ‘ಸ್ವಾತಂತ್ರ್ಯ’ದ ಚೀಲಕ್ಕೆ ತುಂಬಿಬಿಟ್ಟರೆ ಆ ದೇಶ ಒಂದೂವರೆ ವರ್ಷದಲ್ಲಿ ಹತ್ತಿದ ಮೆಟ್ಟಿಲುಗಳು ಓದುಗರಿಗೆ ಕಾಣುವುದೇ ಇಲ್ಲ.

ಜಮ್ಹೂರಿಯದು ಸುಲಭ. 1964ರ ಡಿಸೆಂಬರ್ 12ರಂದು ಬ್ರಿಟನ್ನಿನ ರಾಣಿಯ ಬದಲು ಜೋಮೊ ಕೆನ್ಯಾಟಾ ರಾಷ್ಟ್ರದ ಮುಖ್ಯಸ್ಥರಾದರು. ‘ಗಣರಾಜ್ಯ’ ಎಂದರೆ ಸಾಕು. ಉರ್ದುವಿನ ಜಮ್ಹೂರಿಯತ್ ಬಲ್ಲವರಿಗೆ ಅರಬ್ಬೀ ಬೇರೂ ಹೊಳೆಯುತ್ತದೆ.

ಉಹುರು ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲಿನದು, ಬ್ರಿಟಿಷರ ಆಳ್ವಿಕೆ ಕೊನೆಗೊಂಡ ದಿನದ್ದು. ‘ಹುರು’ ಎಂದರೆ ಗುಲಾಮನಲ್ಲದವನು. ಗುಲಾಮರ ವ್ಯಾಪಾರ ಕಂಡ ಕರಾವಳಿಯ ಭಾಷೆಯ ಈ ಪದಕ್ಕೆ ನಮ್ಮ ‘ಬಿಡುಗಡೆ’ಯೇ ಹತ್ತಿರ ಎಂಬುದು ನನ್ನ ಅಭಿಪ್ರಾಯ. 1950ರಲ್ಲೇ ಪೂರ್ವ ಆಫ್ರಿಕಕ್ಕೆ ಪೂರ್ಣ ಸ್ವಾತಂತ್ರ್ಯ ಬೇಕೆಂದು ನೈರೋಬಿಯಲ್ಲಿ ಬಹಿರಂಗವಾಗಿ ಕೇಳಿದ ಕಾರ್ಮಿಕ ನಾಯಕ ಮಖನ್ ಸಿಂಗ್, ಪಂಜಾಬಿನಿಂದ ಹೋದವರು, ಹನ್ನೊಂದು ವರ್ಷ ಬಂಧನದಲ್ಲಿ ಕಳೆದರು. ಅಂಥವರ ಬೇಡಿಕೆಗೆ ‘ಬಿಡುಗಡೆ’ ಎಂಬ ಮಾತಿನ ಕಾವು ಬೇಕು.

ನನ್ನನ್ನು ಕಾಡುತ್ತಿರುವುದು ಮದರಾಕ. 1963ರ ಜೂನ್ 1ರಂದು ಕೆನ್ಯಾಟಾ ಪ್ರಧಾನಿಯಾದರು, ಚುನಾಯಿತ ಸಂಪುಟ ಬಂದಿತು. ಆದರೆ ರಕ್ಷಣೆ ಮತ್ತು ವಿದೇಶ ವ್ಯವಹಾರ ಗವರ್ನರ್ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ಅವರ ಕೈಯಲ್ಲೇ ಉಳಿದವು. ‘ಸ್ವಯಮಾಡಳಿತ’ ಎಂದು ಬರೆಯಬಹುದು, ಅರ್ಥವೂ ತಪ್ಪಲ್ಲ. ಆದರೆ ಅದು ನಿರ್ಜೀವವಾಗಿ ಕೇಳುತ್ತದೆ. ‘ಸ್ವರಾಜ್ಯ’ ಎಂದರೆ ಗವರ್ನರ್ ಉಳಿದುಕೊಂಡದ್ದು ಮರೆಯಾಗುತ್ತದೆ. ಸ್ವಾಹಿಲಿಯಲ್ಲಿ ಮದರಾಕ ಎಂದರೆ ಅಧಿಕಾರ, ಜೊತೆಗೇ ಹೊಣೆ.

ಆಗ ಹೊಳೆದದ್ದು 1947ರ ಮೈಸೂರು. ಆ ಸೆಪ್ಟೆಂಬರಿನ ‘ಮೈಸೂರು ಚಲೋ’ದಲ್ಲಿ ಜನ ಕೇಳಿದ್ದು ‘ಜವಾಬ್ದಾರಿ ಸರ್ಕಾರ’: ಮಹಾರಾಜರು ಇರಲಿ, ಮಂತ್ರಿಮಂಡಲ ಮಾತ್ರ ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕು ಎಂದು. ಮೇಲೊಬ್ಬರು ಇದ್ದೇ ಜನರ ಸಂಪುಟ ಆಳುವ ಸ್ಥಿತಿಗೆ ಕನ್ನಡಿಗರ ಬಾಯಲ್ಲಿ ಪಳಗಿದ ಮಾತು ಇದು. ಹೊರಗಿನಿಂದ ಬಂದ ಗವರ್ನರನೂ ನಾಡಿನ ಅರಸನೂ ಒಂದೇ ಅಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೂ ಆಡಳಿತದ ಸ್ವರೂಪಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ಪದ ನನಗೆ ಸಿಕ್ಕಿಲ್ಲ.

ಹಳೆಯ ಪತ್ರಿಕೆಗಳನ್ನು ಓದಿದವರು ದಯವಿಟ್ಟು ತಿಳಿಸಿ: ಹಳೆಯ ಮೈಸೂರಿನ ಹೊರಗೆ, ಧಾರವಾಡ, ಮಂಗಳೂರು, ಕಲಬುರಗಿ ಕಡೆಯ ಬರಹಗಳಲ್ಲಿ ಇದೇ ಅರ್ಥಕ್ಕೆ ಬೇರೆ ಪದ ಬಳಕೆಯಲ್ಲಿತ್ತೇ? ಇಂದಿನ ಕಿರಿಯ ಓದುಗರಿಗೆ ‘ಜವಾಬ್ದಾರಿ ಸರ್ಕಾರ’ ಎಂದರೆ ‘ಕರ್ತವ್ಯ ಅರಿತ ಸರ್ಕಾರ’ ಎಂದಷ್ಟೇ ತೋರುವ ಅಪಾಯವಿದೆಯೇ? ಹಾಗಿದ್ದರೆ ಮದರಾಕವನ್ನು ಹಾಗೆಯೇ ಉಳಿಸಿ, ಮೊದಲ ಬಾರಿ ಬಂದಲ್ಲಿ ಒಂದು ವಾಕ್ಯದ ವಿವರಣೆ ಕೊಡುತ್ತೇನೆ.