ಹ್ಯಾಚ್ ಮುಚ್ಚಿದರೆ ಕಪ್ಪು ಹೊಗೆ: ತಪ್ಪು ಪಂಪಿನದಾ, ಗಾಳಿಯದಾ?

ಪ್ರಶ್ನೆ: ನಮಸ್ಕಾರ. ನಮ್ಮದು ಅಂಕೋಲಾ ಕಡೆ ಊರು, ಬೋಟು ನಿಲ್ಲೋದು ಗೋವಾದ ಮಾಲಿಂ ಜೆಟ್ಟಿಯಲ್ಲಿ. ಮರದ ಟ್ರಾಲರ್, 120 ಎಚ್‌ಪಿ ಟರ್ಬೋ ಡೀಸೆಲ್ ಎಂಜಿನ್. ಮಾಂಡೋವಿ ಅಳಿವೆ ದಾಟಿ ಫುಲ್ ಸ್ಪೀಡ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಪ್ಪು ಹೊಗೆ ಶುರುವಾಗುತ್ತದೆ, ಆರ್‌ಪಿಎಂ ಇಳಿಯುತ್ತದೆ. ಎಂಜಿನ್ ರೂಮಿನ ಹ್ಯಾಚ್, ಅಂದರೆ ಮೇಲಿನ ಮುಚ್ಚಳ, ತೆಗೆದಿಟ್ಟರೆ ಸರಿ ಹೋಗುತ್ತದೆ. ಒಬ್ಬ ಮೆಕ್ಯಾನಿಕ್ ಡೀಸೆಲ್ ಪಂಪ್, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎರಡೂ ಬಿಚ್ಚಬೇಕು ಅಂತಾರೆ. ಇನ್ನೊಬ್ಬರು ದೊಡ್ಡ ಏರ್ ಫಿಲ್ಟರ್ ಹಾಕಿ ಅಂತಾರೆ. ಈಗ ಇರೋದು ಬರೀ ಜಾಲರಿ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಹ್ಯಾಚ್ ತೆಗೆದರೆ ಹೊಗೆ ನಿಲ್ಲುತ್ತದೆ ಅಂತ ನೀವೇ ಹೇಳಿದ್ದೀರಿ, ಅಂದಮೇಲೆ ಪಂಪಿನ ಮೇಲೆ ಯಾಕೆ ಅನುಮಾನ? ಪಂಪ್ ಕೆಟ್ಟಿದ್ದರೆ ಹ್ಯಾಚ್ ತೆಗೆದರೂ ಹೊಗೆ ಬರಬೇಕಿತ್ತು. ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ, ಡೀಸೆಲ್ ಪೂರ್ತಿ ಸುಡುತ್ತಿಲ್ಲ. ರೂಮಿಗೇ ಗಾಳಿ ಬರದಿದ್ದಾಗ ಎಷ್ಟು ದೊಡ್ಡ ಫಿಲ್ಟರ್ ಹಾಕಿದರೂ ಅದು ಗಾಳಿ ಎಲ್ಲಿಂದ ತರುತ್ತದೆ?

120 ಎಚ್‌ಪಿ ಎಂಜಿನ್ ಫುಲ್ ಲೋಡಿನಲ್ಲಿ ಗಂಟೆಗೆ ಸುಮಾರು 400ರಿಂದ 500 ಘನ ಮೀಟರ್ ಗಾಳಿ ಎಳೆಯುತ್ತದೆ. ಸಣ್ಣ ಬೋಟುಗಳಿಗೆ ಒಂದು ಸುಲಭದ ಲೆಕ್ಕ ಇದೆ: ಎಚ್‌ಪಿಯನ್ನು 3.3ರಿಂದ ಭಾಗಿಸಿ, ರೂಮಿಗೆ ಗಾಳಿ ಬರಲು ಅಷ್ಟು ಚದರ ಇಂಚು ತೆರೆದ ಜಾಗ ಕನಿಷ್ಠ ಬೇಕು. ನಿಮಗೆ 36 ಚದರ ಇಂಚು ಬರುತ್ತದೆ. ಆದರೆ ಇದು ಗಾಳಿ ನಿಜವಾಗಿ ನುಗ್ಗುವ ಜಾಗದ ಲೆಕ್ಕ. ತೂತಿಗೆ ಪಟ್ಟಿ, ಜಾಲರಿ ಹಾಕಿ, ಮೇಲೆ ಮೂರು ಸಲ ಪೇಂಟ್ ಬಳಿದಿದ್ದರೆ ಅರ್ಧ ಜಾಗ ಅಲ್ಲೇ ಹೋಯಿತು. ಹಾಗಾಗಿ ದುಪ್ಪಟ್ಟು ಇಡಿ. ಹಳೇ ಬೋಟುಗಳಲ್ಲಿ ಎಂಜಿನ್ ಮಾತ್ರ ದೊಡ್ಡದಾಗಿರುತ್ತದೆ, ತೂತು ಹಳೆಯದೇ ಇರುತ್ತದೆ. ನಿಮ್ಮದೂ ಹಾಗೇನಾ, ಮೊದಲು ನೋಡಿ.

ಪರೀಕ್ಷೆಗೆ ಖರ್ಚಿಲ್ಲ. ಒಂದು ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧದವರೆಗೆ ನೀರು ತುಂಬಿ. ಒಂದು ತುದಿ ಎಂಜಿನ್ ರೂಮಿನೊಳಗೆ, ಇನ್ನೊಂದು ಹೊರಗೆ. ಹ್ಯಾಚ್ ಮುಚ್ಚಿ ಫುಲ್ ಸ್ಪೀಡ್ ಓಡಿಸಿ. ಎರಡೂ ಕಡೆಯ ನೀರಿನ ಮಟ್ಟದಲ್ಲಿ ಅರ್ಧ ಇಂಚು ವ್ಯತ್ಯಾಸ ಬಂತು ಅಂದರೆ ಎಂಜಿನ್ ಉಸಿರುಗಟ್ಟಿ ಓಡುತ್ತಿದೆ ಅಂತಲೇ ಲೆಕ್ಕ. ಹ್ಯಾಚ್ ಎತ್ತುವಾಗ ಕೈಗೂ ಗೊತ್ತಾಗುತ್ತದೆ: ಒಂದು ಚದರ ಮೀಟರಿನ ಹ್ಯಾಚ್ ಆದರೆ ಅರ್ಧ ಇಂಚಿಗೇ 12 ಕಿಲೋಗಿಂತ ಜಾಸ್ತಿ ಭಾರ ಕೆಳಕ್ಕೆ ಎಳೆಯುತ್ತದೆ.

ಒಂದು ಥರ್ಮಾಮೀಟರನ್ನೂ ಅಲ್ಲೇ ತೂಗುಹಾಕಿ. ಹೊರಗಿನ ಬಿಸಿಗಿಂತ 15, ಹೆಚ್ಚೆಂದರೆ 17 ಡಿಗ್ರಿ ಜಾಸ್ತಿ ಇರಬಹುದು, ಅದಕ್ಕಿಂತ ಮೇಲೆ ಹೋಗಬಾರದು. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಸೈಲೆನ್ಸರ್ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿಸಿ, ರೂಮಿನ ಬಿಸಿ ಎಷ್ಟೋ ಇಳಿಯುತ್ತದೆ.

ತೂತು ಎಲ್ಲಿ ಇಡಬೇಕು ಅನ್ನೋದೂ ಮುಖ್ಯ. ತಣ್ಣನೆ ಗಾಳಿ ಡಕ್ಟಿನಲ್ಲಿ ಕೆಳಗಿಳಿದು ಎಂಜಿನ್ ಹತ್ತಿರ ಬರಬೇಕು, ಬಿಸಿ ಗಾಳಿ ಎದುರು ಮೂಲೆಯಲ್ಲಿ ಮೇಲಿಂದ ಹೋಗಬೇಕು. ಹೊರಗಿನ ಬಾಯಿ ಅಲೆ ಹೊಡೆಯುವ ಕಡೆ ಬೇಡ. ಬಾಗಿದ ಕೊಳವೆ ಹಾಕಿ, ಒಳಗೆ ನೀರು ಬಸಿಯುವ ಪೆಟ್ಟಿಗೆ ಇಡಿ. ಉಪ್ಪುನೀರು ಟರ್ಬೋಗೆ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಚಕ್ರಕ್ಕೆ, ಹೋಗಲೇಬಾರದು.

ಪ್ರಶ್ನೆ: ಧನ್ಯವಾದ ಸರ್. ಗಾಳಿ ಸರಿ ಮಾಡಿದ ಮೇಲೆ ಲಾರಿ ಫಿಲ್ಟರ್ ಹಾಕಬಹುದಾ? ಪೇಪರಿನದು ಸುಲಭವಾಗಿ ಸಿಗುತ್ತದೆ.

ಉತ್ತರ: ಎಂಜಿನ್ ಎಳೆಯುವಷ್ಟು ಗಾಳಿ ಬಿಡುವ ಸೈಜ್ ಇದ್ದರೆ ಹಾಕಬಹುದು. ಆದರೆ ಪೇಪರ್ ಉಪ್ಪಿನ ತೇವಕ್ಕೆ ನೆನೆದು ಕಟ್ಟಿಕೊಳ್ಳುತ್ತದೆ. ನನಗೆ ತೊಳೆಯಬಹುದಾದ ಬಟ್ಟೆಯ ಫಿಲ್ಟರ್ರೇ ಇಷ್ಟ. ಅದಕ್ಕೆ ಎಣ್ಣೆ ಹದವಾಗಿ ಹಾಕಿ, ಸುರಿಯಬೇಡಿ. ನದಿಯಲ್ಲಿ ಅದಿರಿನ ಬಾರ್ಜ್‌ಗಳ ಪಕ್ಕ ಓಡಾಡುವವರಿಗೆ ಆ ಕೆಂಪು ಧೂಳು ಗೊತ್ತೇ ಇದೆ, ಅದಕ್ಕೆ ಬರೀ ಜಾಲರಿ ಸಾಲದು.

ಫಿಲ್ಟರಿಗಿಂತ ಜಾಸ್ತಿ ಗಮನ ಫಿಲ್ಟರ್ ಮತ್ತು ಟರ್ಬೋ ನಡುವಿನ ಹೋಸ್ ಮೇಲೆ ಇರಲಿ. ತಂತಿ ಸುತ್ತಿದ ಹೋಸ್ ಬೇಕು, ಮೆತ್ತಗಿನದು ಎಳೆತಕ್ಕೆ ಚಪ್ಪಟೆಯಾಗುತ್ತದೆ. ಕ್ಲ್ಯಾಂಪ್ ಸಡಿಲ ಇದ್ದರೆ ಧೂಳು ಫಿಲ್ಟರ್ ದಾಟದೆ ನೇರ ಒಳಗೆ. ಕ್ರ್ಯಾಂಕ್‌ಕೇಸ್ ಬ್ರೀದರಿನ (ಎಂಜಿನ್ ತಳದ ಆವಿ ಹೊರಬಿಡುವ ಕೊಳವೆ) ಎಣ್ಣೆ ಆವಿ ಫಿಲ್ಟರ್ ಕಡೆ ತಿರುಗಿದ್ದರೆ ಬೇಗ ಕಟ್ಟಿಹೋಗುತ್ತದೆ, ನಡುವೆ ಎಣ್ಣೆ ಬೇರ್ಪಡಿಸುವ ಡಬ್ಬಿ ಹಾಕಿಸಿ. ಫಿಲ್ಟರ್ ಕಟ್ಟಿಕೊಂಡರೆ ಕೆಂಪು ಗುರುತು ತೋರಿಸುವ ಸಣ್ಣ ಇಂಡಿಕೇಟರ್ ಕೂಡ ಇರಲಿ, ಆಗ ಸುಮ್ನೆ ಬಿಚ್ಚಿ ನೋಡೋದು ಬೇಡ.

ಪ್ರಶ್ನೆ: ಫ್ಯಾನ್ ಹಾಕಿ ಬಿಸಿ ಗಾಳಿ ಹೊರಗೆ ಎಳೆದರೆ ಸಾಕಲ್ವಾ?

ಉತ್ತರ: ಎಂಜಿನ್ ಓಡುವಾಗ ಬೇಡ. ರೂಮಿನಲ್ಲಿ ಇರೋದೇ ಕಡಿಮೆ ಗಾಳಿ, ಅದಕ್ಕೆ ಫ್ಯಾನೂ ಎಂಜಿನ್ನೂ ಕಿತ್ತಾಡುತ್ತವೆ. ಓಡುವಾಗ ಬ್ಲೋವರ್ ಒಳಕ್ಕೆ ಊದಬೇಕು. ಎಂಜಿನ್ ನಿಲ್ಲಿಸಿದ ಮೇಲೆ ಹತ್ತು ನಿಮಿಷ ಹೊರಕ್ಕೆ ಎಳೆಯುವ ಫ್ಯಾನ್ ಹಾಕಿ, ಚೆನ್ನಾಗಿ ತಣಿಯುತ್ತದೆ. ಇದು ಡೀಸೆಲ್ ಮಾತು. ಪೆಟ್ರೋಲ್ ಎಂಜಿನ್ ಇರುವ ಬೋಟಿನಲ್ಲಿ ಆವಿ ತಳದಲ್ಲಿ ಕೂರುತ್ತದೆ, ಸ್ಟಾರ್ಟ್ ಮಾಡುವ ಮೊದಲು ಕನಿಷ್ಠ 4 ನಿಮಿಷ ತಳದಿಂದ ಎಳೆಯಲೇಬೇಕು, ಅದೂ ಕಿಡಿ ಹಾರದ ಬ್ಲೋವರಿನಿಂದ.

ಹೊಸ ತೂತು ಕೊರೆಯುವಾಗಲೇ ಪ್ರತಿಯೊಂದಕ್ಕೂ ಹೊರಗಿನಿಂದ ಮುಚ್ಚುವ ತಗಡಿನ ಬಾಗಿಲು ಇಡಿಸಿ. ಒಳಗೆ ಬೆಂಕಿ ಬಿದ್ದರೆ ಗಾಳಿ ನಿಲ್ಲಿಸಬೇಕು, ಇಲ್ಲದಿದ್ದರೆ ಬೆಂಕಿ ಆರಿಸುವ ಸಿಲಿಂಡರಿನ ಗ್ಯಾಸ್ ಅದೇ ತೂತಿನಿಂದ ಹೊರಟುಹೋಗುತ್ತದೆ. ಬ್ಲೋವರ್ ಸ್ವಿಚ್ ರೂಮಿನ ಹೊರಗೆ, ಮೇಲ್ಗಡೆ, ಬೋಟು ನಡೆಸುವ ತಾಂಡೇಲನ ಕೈಗೆ ಸಿಗುವ ಹಾಗಿರಲಿ. ಕೊರೆಯುವ ಕೆಲಸ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಮಾಡಿಸಿ, ಬಡಗಿಯನ್ನು ಈಗಲೇ ಹೇಳಿಡಿ. ಅಲ್ಲಿವರೆಗೆ ಸ್ಪೀಡ್ ಇಳಿಸಿಯೇ ಓಡಿಸಿ.